ಸೊನ್ನೆ ಬಿದ್ದುಹೋಗದಂತೆ

ಗರಗಸ ಎಂದರೆ ಕಣ್ಣ ಮುಂದೆ ಬರುವುದು ದಿಮ್ಮಿ ಸೀಳುವ ದೊಡ್ಡ ಹಲ್ಲಿನದು. ಸ್ಕ್ರೋಲ್ ಸಾ ಅದೇ ಜಾತಿಯದೆಂದರೆ ನಂಬುವುದು ಕಷ್ಟ. ಐದೇ ಇಂಚಿನ, ತಂತಿಯಷ್ಟು ಸಣ್ಣ ಅಲಗು; ಮೇಲೊಂದು ಕೆಳಗೊಂದು ತೋಳಿನ ನಡುವೆ ಬಿಗಿದು ನಿಂತು ಹೊಲಿಗೆ ಯಂತ್ರದ ಸೂಜಿಯ ಹಾಗೆ ಕುಣಿಯುತ್ತದೆ. ಅಲಗು ನಿಂತಲ್ಲೇ ಕುಣಿಯುತ್ತದೆ, ತಿರುಗಬೇಕಾದದ್ದು ಮರ. ರವಿಕೆಯ ಕಂಕುಳನ್ನು ಸುಕ್ಕಿಲ್ಲದೆ ಹೊಲಿಯಬಲ್ಲವರಿಗೆ ಈ ವಿದ್ಯೆ ಬಡಗಿಗಿಂತ ಬೇಗ ಒಲಿದೀತು.

ಈ ಗೀಳು ಹತ್ತಿದವರು ಮೊದಲ ವಾರ ಮರ ಹುಡುಕುತ್ತಾರೆ. ಎರಡನೆಯ ವಾರದಿಂದ ನಕ್ಷೆ ಹುಡುಕುತ್ತಾರೆ, ಮತ್ತೆ ಆ ಹುಡುಕಾಟ ಮುಗಿಯುವುದೇ ಇಲ್ಲ.

ಅದು ಇಂಟರ್ನೆಟ್ ತಂದ ಚಟವೇನಲ್ಲ. 1895ರಲ್ಲಿ ಇಂಗ್ಲೆಂಡಿನಲ್ಲಿ ‘ಹಾಬೀಸ್’ ಎಂಬ ವಾರಪತ್ರಿಕೆ ಶುರುವಾಯಿತು. ಅದರ ಜೊತೆ ಮರಕ್ಕೆ ಅಂಟಿಸಿ ಕೊಯ್ಯುವ ನಕ್ಷೆಯ ಹಾಳೆ ಬರುತ್ತಿತ್ತು. ನಾರ್ಫೋಕ್‌ನ ಡೆರಹಮ್ ಊರಿನ ಅದೇ ಹೆಸರಿನ ಕಂಪನಿ ಗರಗಸ, ಅಲಗು, ತೆಳು ಹಲಗೆ ಎಲ್ಲವನ್ನೂ ಮಾರುತ್ತಿತ್ತು. ಅಂದು ಅಂಚೆಯವನನ್ನು ಕಾಯುತ್ತಿದ್ದವರ ಮೊಮ್ಮಕ್ಕಳು ಇಂದು ಪಿಡಿಎಫ್ ಇಳಿಸಿಕೊಳ್ಳುತ್ತಾರೆ, ಅಷ್ಟೇ ವ್ಯತ್ಯಾಸ.

ಆದರೆ ಹುಡುಕುವುದಕ್ಕೂ ಪದ ಗೊತ್ತಿರಬೇಕು. ಬರೀ ‘ಸ್ಕ್ರೋಲ್ ಸಾ’ ಎಂದು ಟೈಪಿಸಿದವರ ಮುಂದೆ ಯಂತ್ರ ಮಾರುವವರು ಸಾಲುಗಟ್ಟುತ್ತಾರೆ. ‘ಫ್ರೆಟ್‌ವರ್ಕ್’ ಎಂದರೆ ಜಾಲಂಧ್ರದ ಕೆಲಸ ತೆರೆದುಕೊಳ್ಳುತ್ತದೆ. ‘ಇಂಟಾರ್ಸಿಯಾ’ ಎಂದರೆ ಬಣ್ಣಬಣ್ಣದ ದಪ್ಪ ತುಂಡುಗಳನ್ನು ದುಂಡಗೆ ತೀಡಿ ಜೋಡಿಸಿದ ಹಕ್ಕಿ, ಮೀನು. ‘ಮಾರ್ಕೆಟ್ರಿ’ ಎಂದರೆ ಕಾಗದದಂಥ ತೆಳು ಪದರಗಳ ಚಿತ್ರ. ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ; ಅವುಗಳಲ್ಲಿನ ಬಳ್ಳಿಗಳ ಸೊಗಸು ಇಂದಿನ ಎಷ್ಟೋ ಮಾರಾಟದ ನಕ್ಷೆಗಳಲ್ಲಿಲ್ಲ.

ವಿಡಿಯೋಗಳಲ್ಲಿ ಒಳ್ಳೆಯದನ್ನು ಗುರುತಿಸುವುದು ಹೇಗೆ? ಮಾತಾಡುವವರ ಮುಖವನ್ನಲ್ಲ, ಕೈಯನ್ನು ಹತ್ತಿರದಿಂದ ತೋರಿಸುವವರನ್ನು ನಂಬಬಹುದು. ಉದಾಹರಣೆಗೆ, ಹೊಸಬರು ನೇರ ಗೆರೆಯ ಮೇಲೆ ಎಷ್ಟೇ ನೇರವಾಗಿ ತಳ್ಳಿದರೂ ಅಲಗು ಪಕ್ಕಕ್ಕೆ, ಸಾಮಾನ್ಯವಾಗಿ ಬಲಕ್ಕೆ, ಎಳೆಯುತ್ತದೆ. ತಮ್ಮ ಕೈಯೇ ನಡುಗುತ್ತಿದೆಯೆಂದು ವಾರಗಟ್ಟಲೆ ಕೊರಗಿದವರಿದ್ದಾರೆ. ತಪ್ಪು ಕೈಯದಲ್ಲ. ಹಲ್ಲು ಕಡೆಯುವಾಗ ಅಲಗಿನ ಒಂದು ಮಗ್ಗುಲಲ್ಲಿ ಉಳಿದುಬಿಡುವ ಸಣ್ಣ ಮುಳ್ಳಂಚು ಆ ಕಡೆಯ ಮರವನ್ನು ಹೆಚ್ಚು ಕೊರೆಯುತ್ತದೆ. ಪಳಗಿದವರು ಹಲಗೆಯನ್ನೇ ತುಸು ಓರೆ ಹಿಡಿದು ತಳ್ಳುತ್ತಾರೆ. ಓದಿದರೆ ಅರ್ಧ ತಿಳಿಯುವ ಇದು ಎರಡು ನಿಮಿಷ ನೋಡಿದರೆ ಪೂರ್ತಿ ತಿಳಿಯುತ್ತದೆ. ಬಿಗಿಯ ಪಾಠವಂತೂ ಕಿವಿಯದು: ಅಲಗನ್ನು ಬೆರಳಿಂದ ಮೀಟಿದರೆ ತಂಬೂರಿಯ ತಂತಿಯಂತೆ ಸ್ಪಷ್ಟವಾಗಿ ನುಡಿಯಬೇಕು, ಮಂಕಾಗಿ ‘ಡಬ್’ ಎನ್ನಬಾರದು. ಒಳಗಿನ ತೂತುಗಳು ಮೊದಲು, ಹೊರಗಿನ ಗೆರೆ ಕೊನೆಗೆ. ಹೊರಗೆರೆ ಮೊದಲೇ ಕೊಯ್ದವರಿಗೆ ಆಮೇಲೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಇನ್ನು ಮೂಗಿಗೆ ಮುಸುಕಿಲ್ಲದೆ ಬೀಟೆ ಮರ ಕೊಯ್ಯುವವರ ವಿಡಿಯೋವನ್ನು ಅಲ್ಲಿಗೇ ನಿಲ್ಲಿಸುವುದು ಮೇಲು. ಅದರ ಧೂಳು ಚರ್ಮಕ್ಕೂ ಉಸಿರಿಗೂ ಒಗ್ಗದು.

ಒಂದು ಜಾಡು ಹಿಡಿದು ಹೊರಟರೆ ಎಲ್ಲೋ ಹೋಗಿ ಮುಟ್ಟುತ್ತೇವೆ. ಎರಡು ಮೂರು ಹಲಗೆ ಒಟ್ಟಿಗೆ ಅಂಟಿಸಿ ಒಂದೇ ಸಲ ಕೊಯ್ಯುವ ‘ಸ್ಟ್ಯಾಕ್ ಕಟಿಂಗ್’ ಎಂಬ ಉಪಾಯದ ಬೆನ್ನು ಹತ್ತಿದವರು ಹದಿನಾಲ್ಕನೆಯ ಲೂಯಿಯ ಫ್ರಾನ್ಸ್ ತಲುಪುತ್ತಾರೆ. ಅಲ್ಲಿ ಆಂದ್ರೆ ಷಾರ್ಲ್ ಬೂಲ್ ಎಂಬ ಪೀಠೋಪಕರಣ ಕುಶಲಿ ಆಮೆಚಿಪ್ಪನ್ನೂ ಹಿತ್ತಾಳೆಯನ್ನೂ ಜೊತೆಗಿಟ್ಟು ಕೊಯ್ದು, ಇದರ ತೂತಿಗೆ ಅದರ ತುಂಡು ಕೂರಿಸುತ್ತಿದ್ದ. ಅದೇ ಜಾಡು ಮೈಸೂರಿಗೂ ತಿರುಗುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬೀಟೆ ಇನ್‌ಲೇ ಕೆಲಸದಲ್ಲಿ ಕುಶಲಕರ್ಮಿಗಳು ಬಿಲ್ಲಿನಂಥ ಕೈಗರಗಸದಿಂದಲೇ ಆನೆಯ ಸೊಂಡಿಲನ್ನೂ ತೆಂಗಿನ ಗರಿಯನ್ನೂ ಕೊಯ್ದು ತೆಗೆಯುತ್ತಾರೆ. ಹಳದಿ ಬೇಕೆಂದರೆ ಹಲಸು, ಕಪ್ಪು ಬೇಕೆಂದರೆ ಕರಿಮರ. ಬಣ್ಣದ ಡಬ್ಬಿ ತೆರೆಯುವ ಮಾತಿಲ್ಲ. ಅಲ್ಲಿನ ಅಂಬಾವಿಲಾಸ ಅರಮನೆಯ ಬೀಟೆ ಬಾಗಿಲಲ್ಲಿರುವಂಥ ದಂತಕ್ಕೆ ಈಗ ಕಾನೂನಿನ ಅಡ್ಡಿಯಿದೆ, ಆ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ. ಮೋಟಾರಿಲ್ಲದ ಆ ಕೈಗಳನ್ನು ಪರದೆಯ ಮೇಲೆ ಕಂಡ ಮೇಲೆ ಮನೆಯ ಯಂತ್ರ ಸಾಲದೆಂಬ ನೆಪ ಹೇಳಲು ನಾಚಿಕೆಯಾಗುತ್ತದೆ.

ಇಷ್ಟೆಲ್ಲ ಸಿಕ್ಕರೂ ಕನ್ನಡದ ನಾಮಫಲಕಕ್ಕೆ ಒದಗುವ ನಕ್ಷೆ ಮಾತ್ರ ತಾವೇ ಮಾಡಿಕೊಳ್ಳಬೇಕು. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶ, ನೋಟೋ ಸಾನ್ಸ್ ಕನ್ನಡದಂಥ ಒಂದು ಫಾಂಟ್ ಇದ್ದರೆ ಸಾಕು. ಮುದ್ರಿಸುವಾಗ ನೂರಕ್ಕೆ ನೂರು ಅಳತೆ ಇಟ್ಟಿದೆಯೇ ಎಂದು ನೋಡಬೇಕು. ಪುಟಕ್ಕೆ ಹೊಂದಿಸು ಎಂದರೆ ಅಕ್ಷರ ಕುಗ್ಗಿಬಿಡುತ್ತದೆ. ನಮ್ಮ ಲಿಪಿಯ ದುಂಡುತನ ಈ ಅಲಗಿಗೆ ಹೇಳಿ ಮಾಡಿಸಿದ್ದು. ತಕರಾರು ಮಾಡುವುದು ಬೇರೆಯಾಗಿ ನಿಲ್ಲುವ ಅಂಗಗಳು. ‘ಅಮ್ಮ’ ಎಂದರೆ ಮಕಾರದ ಒತ್ತು ಕೆಳಗೆ ತನ್ನ ಪಾಡಿಗೆ ನೇತಾಡುತ್ತದೆ, ‘ಠ’ದ ಹೊಟ್ಟೆಯ ಚುಕ್ಕಿಗೆ ಯಾವ ಆಧಾರವೂ ಇಲ್ಲ. ಅದಕ್ಕೇ ಅಲ್ಲಲ್ಲಿ ಒಂದು ಕಡ್ಡಿಯಷ್ಟು ಸೇತುವೆ ಬಿಡುವುದು. ಎಲ್ಲಿ ಬಿಟ್ಟರೆ ಅಕ್ಷರದ ಅಂದ ಕೆಡದು ಎನ್ನುವುದನ್ನು ಯಾವ ಇಂಗ್ಲಿಷ್ ವಿಡಿಯೋವೂ ಹೇಳಿಕೊಡುವುದಿಲ್ಲ.

ಸೇತುವೆ ಮರೆತು ‘ಆನಂದ’ ಕೊಯ್ದವರು ಯಂತ್ರ ನಿಲ್ಲಿಸಿ, ಮೇಜಿನ ಕೆಳಗೆ ಮಂಡಿಯೂರಿ, ಮರದ ಪುಡಿ ಕೆದಕಿ ಸೊನ್ನೆ ಹುಡುಕುತ್ತಾರೆ. ಸಿಕ್ಕರೆ ಅಂಟು ಹಚ್ಚಿ ಕೂರಿಸಬಹುದು. ಸಿಗದಿದ್ದರೆ ಬಾಗಿಲ ಮೇಲೆ ‘ಆನದ’ ನೇತಾಡುತ್ತದೆ.