ಕೈಗುಣವೆಂಬ ಕಲಿಕೆ

ತುಂಬುಬಾಳು ಬಾಳಿದ ಅಜ್ಜಿ ತೀರಿಕೊಂಡಾಗ ಪತ್ರಿಕೆಯಲ್ಲಿ ಬರುವ ನಾಲ್ಕು ಸಾಲು ಎಲ್ಲರಿಗೂ ಬಾಯಿಪಾಠ: ಹೆಸರು, ವಯಸ್ಸು, ಇಷ್ಟು ಮಂದಿ ಗಂಡುಮಕ್ಕಳು, ಇಷ್ಟು ಮಂದಿ ಹೆಣ್ಣುಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು, ಕೊನೆಗೆ ಅಪಾರ ಬಂಧುಬಳಗ. ತಿಥಿಯ ಊಟದ ಹೊತ್ತಿಗೆ ತ್ಯಾಗಮಯಿ, ಸಹನಾಮೂರ್ತಿ ಎಂಬ ಮಾತುಗಳೂ ಸೇರುತ್ತವೆ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಆಕೆ ಏನನ್ನು ಸಹಿಸಿದಳು, ಯಾರನ್ನು ಅಗಲಿದಳು ಎಂಬುದಷ್ಟೇ ಇಲ್ಲಿದೆ. ಅಷ್ಟು ವರ್ಷಗಳಲ್ಲಿ ಏನೇನು ಬಲ್ಲವಳಾದಳು ಎಂಬುದಿಲ್ಲ. ಅದನ್ನು ಹೇಳಲು ನಮ್ಮ ಬಳಿ ಒಂದೇ ಪದ ಸಿದ್ಧವಾಗಿರುತ್ತದೆ: ಕೈಗುಣ. ಅಕ್ಕರೆಯ ಪದ, ನಿಜ. ಆದರೂ ಅಜ್ಜಿಯ ನೆನಪಿಗೆ ನಾವು ಮಾಡುವ ಅನ್ಯಾಯ ಅದರಲ್ಲೇ ಅಡಗಿದೆ ಎಂದು ನನಗನ್ನಿಸುತ್ತದೆ. ಕೈಗುಣವೆಂದರೆ ಹುಟ್ಟಿನಿಂದ ಬಂದದ್ದು, ದೈವ ಕೊಟ್ಟದ್ದು. ಹಾಗೆಂದ ಕೂಡಲೇ ಜೀವಮಾನದ ಕಲಿಕೆಯೊಂದು ಅದೃಷ್ಟದ ಲೆಕ್ಕಕ್ಕೆ ಹೋಗಿಬಿಡುತ್ತದೆ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಬಾಳನ್ನು ನೋಡಿ. 1920ರಲ್ಲಿ ಹುಟ್ಟಿ, 12ನೇ ವಯಸ್ಸಿಗೆ ಮದುವೆಯಾಗಿ, 12 ಮಕ್ಕಳನ್ನು ಹೆತ್ತವರು, ಅಕ್ಷರ ಕಲಿತವರಲ್ಲ. 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಮುಟ್ಟದೆ ಮಾಡಿಸಿದರೆಂದು ನಾಡು ಅವರನ್ನು ಕೊಂಡಾಡಿತು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು, 2018ರಲ್ಲಿ ಪದ್ಮಶ್ರೀ ಬಂತು, ಆ ವರ್ಷದ ಡಿಸೆಂಬರ್ 25ರಂದು 98ರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಇದೆಲ್ಲ ಬರೀ ಕೈಗುಣವೇ? ಹೊಟ್ಟೆಯ ಮೇಲೆ ಅಂಗೈ ಇಟ್ಟು ಮಗುವಿನ ತಲೆ ಎತ್ತ ತಿರುಗಿದೆ ಎಂದು ತಿಳಿಯುವುದು, ಬಂದ ನೋವು ಹೆರಿಗೆಯದೋ ಸುಳ್ಳುನೋವೋ ಎಂದು ಹೇಳುವುದು, ಮಾಸು ಬೀಳುವ ತನಕ ಅವಸರಪಡದೆ ಕಾಯುವುದು, ಇವೆಲ್ಲ ಬರುವುದು ಕಲಿಕೆಯಿಂದ. ಇಲ್ಲಿ ಕೈ ತಪ್ಪಿದರೆ ಎರಡು ಜೀವ ಹೋಗುತ್ತವೆ. ಒಂದು ಹೆರಿಗೆ ಇನ್ನೊಂದರಂತಿರುವುದಿಲ್ಲವಾದ್ದರಿಂದ, ಹಿಂದಿನದನ್ನೆಲ್ಲ ನೆನಪಿಟ್ಟುಕೊಂಡು ಹೋಲಿಸಬಲ್ಲವಳಿಗೇ ಮುಂದಿನದು ಕೈಗೂಡುವುದು. ಗಂಡಸರು ಓದಿನಿಂದ ಹೀಗೆ ಗಳಿಸಿದ್ದನ್ನು ನಾವು ವಿದ್ಯೆ ಎನ್ನುತ್ತೇವೆ.

ಎಲ್ಲ ಅಜ್ಜಿಯರೂ ನರಸಮ್ಮನವರಲ್ಲ, ಅಡುಗೆ ಮಾಡಿ ಮಕ್ಕಳನ್ನು ಸಾಕಿದವರ ಬಗ್ಗೆ ಹೇಳುವುದೇನಿದೆ ಎಂದು ಕೆಲವರು ಕೇಳಬಹುದು. ಹಾಗೆ ಕೇಳುವ ಅಭ್ಯಾಸವನ್ನು ನಮ್ಮ ಲೆಕ್ಕಪತ್ರಗಳೇ ಕಲಿಸಿವೆ. ಜನಗಣತಿಯಲ್ಲಿ ಮನೆವಾರ್ತೆಯಷ್ಟನ್ನೇ ನೋಡಿಕೊಳ್ಳುವ ಹೆಂಗಸು ದುಡಿಯದವರ ಪಟ್ಟಿಗೆ ಸೇರುತ್ತಾಳೆ. ಆದರೆ 2019ರಲ್ಲಿ ದೇಶದಾದ್ಯಂತ ನಡೆದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. ದಿನಕ್ಕೆ ಸುಮಾರು ಐದು ಗಂಟೆಯಂತೆ ಅರವತ್ತು ವರ್ಷ ಮಾಡಿದ ಕೆಲಸದಲ್ಲಿ ಜ್ಞಾನ ಕೂಡುವುದಿಲ್ಲ ಎನ್ನಲಾದೀತೇ? ಹಪ್ಪಳದ ಹಿಟ್ಟಿನ ಹದ, ಬಿತ್ತನೆ ಕಾಳಿಗೆ ಹುಳ ಹಿಡಿಯದಂತೆ ಬೂದಿ ಬೆರೆಸುವ ಪ್ರಮಾಣ, ಹಸುಗೂಸಿನ ಅಳು ಹಸಿವಿನದೋ ಹೊಟ್ಟೆನೋವಿನದೋ ಎಂಬ ಗುರುತು, ಇವೆಲ್ಲ ತಪ್ಪಿ ತಿದ್ದಿ ಕಲಿತವೇ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಹಳೆಯ ತಿಳಿವಳಿಕೆಯನ್ನು ಹೊಗಳುವ ಭರದಲ್ಲಿ ಆಸ್ಪತ್ರೆಯನ್ನು ಮರೆಯಬಾರದು. ಇದನ್ನು ಪೂರ್ತಿ ಒಪ್ಪುತ್ತೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ನೂರರಲ್ಲಿ 97 ಹೆರಿಗೆಗಳು ಆಸ್ಪತ್ರೆ, ಆರೋಗ್ಯ ಕೇಂದ್ರಗಳಲ್ಲೇ ಆಗುತ್ತಿವೆ. ರಕ್ತಸ್ರಾವಕ್ಕೆ, ನಂಜಿಗೆ ಅಲ್ಲಿರುವ ಮದ್ದು ಹಟ್ಟಿಯಲ್ಲಿರಲಿಲ್ಲ. ಮತ್ತೆ ಹಿಂದಕ್ಕೆ ಹೋಗೋಣ ಎಂಬ ಮಾತು ಬೇಡ. ಆದರೆ ವೈದ್ಯರಿಲ್ಲದ ಕಾಲದಲ್ಲಿ ತಾಯಂದಿರ ಜೀವ ಹಿಡಿದದ್ದು ಯಾರ ತಿಳಿವಳಿಕೆ ಎಂದು ಹೇಳುವುದು ಚಿಕಿತ್ಸೆ ಬರೆದುಕೊಟ್ಟಂತಲ್ಲ, ಋಣ ಒಪ್ಪಿಕೊಂಡಂತೆ.

ಪ್ರೀತಿಯನ್ನು ಕೆಲಸದ ಲೆಕ್ಕಕ್ಕೆ ಇಳಿಸಿದಂತಾಗದೇ ಎಂಬ ಅಳುಕೂ ಉಳಿಯುತ್ತದೆ. ಆದರೆ ಅಮ್ಮನ, ಅಜ್ಜಿಯ ಪ್ರೀತಿ ನಮ್ಮನ್ನು ತಲುಪಿದ್ದು ಈ ಬಲ್ಲ ಕೈಗಳ ಮೂಲಕವೇ. ನರಸಮ್ಮನವರು ಸೂಲಗಿತ್ತಿಯ ಕೆಲಸ ಕಲಿತದ್ದು ತಮ್ಮ ಅಜ್ಜಿ ಮರಿಗೆಮ್ಮನವರಿಂದ. ಆ ಅಜ್ಜಿ ಎಷ್ಟು ವರ್ಷ ಬಾಳಿದರು, ಎಷ್ಟು ಸಹಿಸಿದರು ಎಂದು ಯಾರೂ ಹೇಳುತ್ತಿಲ್ಲ. ಇಂಥದ್ದನ್ನು ಇಂಥವರಿಂದ ಕಲಿತೆ ಎಂದು ಮೊಮ್ಮಗಳು ಹೇಳಿದ್ದರಿಂದ ಅವರ ಹೆಸರು ಮಾತ್ರ ಇಂದಿಗೂ ಉಳಿದಿದೆ.