ವಾದಕನ ಕೈಗೆ ಬಿಡುವು

ಇಟಲಿಯ ವೈದ್ಯ ಬರ್ನಾರ್ದಿನೋ ರಾಮತ್ಸೀನಿಯು ಕಸುಬಿನ ರೋಗಗಳನ್ನು ಕುರಿತ ತನ್ನ ಗ್ರಂಥದ 1713ರ ಆವೃತ್ತಿಯಲ್ಲಿ ಒಬ್ಬ ಲಿಪಿಕಾರನ ಪಾಡನ್ನು ಬಣ್ಣಿಸಿದ್ದಾನೆ. ಬರೆದು ಬರೆದು ಅವನ ಬಲಗೈ ಸೋತಿತು. ಎಡಗೈಯಿಂದ ಬರೆಯಲು ಕಲಿತನು. ಅದಕ್ಕೂ ಅದೇ ಬೇನೆ ತಗುಲಿತು.

ಹಗಲೆಲ್ಲ ಪಿಯಾನೋ ನುಡಿಸಿ, ಇರುಳು ಗಣಕಯಂತ್ರದಲ್ಲಿ ಸ್ವರಲಿಪಿಯನ್ನು ಅಚ್ಚಿಳಿಸುವ ಇಂದಿನ ವಾದಕನು ಪಿಯಾನೋ ಮುಚ್ಚಿದೊಡನೆ ಕೈಗೆ ವಿಶ್ರಾಂತಿ ದೊರೆಯಿತೆಂದು ಬಗೆಯುತ್ತಾನೆ. ಮುಂಗೈಯ ಸ್ನಾಯುರಜ್ಜುಗಳಿಗಾದರೋ ಎರಡೂ ಒಂದೇ ದುಡಿಮೆ. ಮೌಸನ್ನು ಎಡಗೈಗೆ ಒಪ್ಪಿಸುವುದೂ ಆ ಲಿಪಿಕಾರನ ಉಪಾಯವೇ ಸರಿ! ಎರಡರ ವೇಳೆಯನ್ನೂ ಒಟ್ಟಾಗಿ ಎಣಿಸಿ, ನಡುನಡುವೆ ಬಿಡುವಿತ್ತು, ಮಣಿಕಟ್ಟನ್ನು ಬಾಗಿಸದೆ ನೇರವಾಗಿರಿಸಿಕೊಂಡು ದುಡಿಯುವುದು ಲೇಸು. ನೋವು ನುಂಗಿ ನುಡಿಸುವುದೇ ಸಾಧನೆಯೆಂಬ ಹಳೆಯ ಹೊಗಳಿಕೆ ಇಲ್ಲಿ ಸಲ್ಲದು. ಬೆರಳುಗಳಲ್ಲಿ ಜೋಮು ಮರುಕಳಿಸತೊಡಗಿದರೆ ಎರಡು ಕೆಲಸವನ್ನೂ ತಗ್ಗಿಸಿ ವೈದ್ಯರನ್ನು ಕಾಣತಕ್ಕದ್ದು.