ಸತ್ತಿಯ ಕಣದಲ್ಲಿ ಒಂದು ಸುತ್ತಿನ ಲೆಕ್ಕ

ಸತ್ತಿಯು ಬೆಳಗಾವಿ ಜಿಲ್ಲೆಯ ಅಥಣಿ ತಾಲೂಕಿನಲ್ಲಿ ಕೃಷ್ಣಾನದಿಯ ಸೀಮೆಗೆ ಸೇರಿದ ಗ್ರಾಮ. ಜೋಳದ ಸುಗ್ಗಿಯಲ್ಲಿ ನಾವು ಅಲ್ಲಿಯ ಆಪ್ತರೊಬ್ಬರ ಮನೆಗೆ ಹೋಗಿದ್ದೆವು. ಯಂತ್ರದಿಂದ ರಾಶಿಯಾಗುವ ಈ ದಿನಗಳಲ್ಲಿಯೂ ಆ ಮನೆಯವರು ಹಳೆಯ ಕಣವನ್ನು ಬಿಟ್ಟಿರಲಿಲ್ಲ. ನಡುವೆ ಮೇಟಿ, ಅಲ್ಲಿಂದ ಅಂಚಿಗೆ 21 ಅಡಿ.

ಸಂಜೆ ಮನೆಯ ಹುಡುಗನು ಪಾಟಿ ಹಿಡಿದು ಬಂದನು. ಅಂಚಿನಿಂದ ಹೊರಟು, ಸುತ್ತಿಗೊಂದಡಿಯಂತೆ ಒಳಸರಿಯುತ್ತ, ಶಂಖದ ಸುಳಿಯ ಹಾಗೆ ನಡೆದು ನಡುವನ್ನು ಮುಟ್ಟಿದರೆ ಒಟ್ಟು ಎಷ್ಟು ದಾರಿ? ಮೇಟಿಯ ದಪ್ಪವನ್ನು ಎಣಿಸತಕ್ಕದ್ದಲ್ಲ. ಓದಿದವರೆಂಬ ಬಿಂಕದಿಂದ ನಾವು ತಡಮಾಡಲಿಲ್ಲ. ಅಂಚಿನ ಸುತ್ತಳತೆ 132 ಅಡಿ, ಸುತ್ತುಗಳು 21. ಗುಣಿಸಿ 2,772 ಎಂದು ಬರೆದುಕೊಟ್ಟೆವು.

“ಒಳಗಿನ ಸುತ್ತು ಸಣ್ಣವಲ್ಲೇನ್ರೀ?” ಎಂದನು ಹುಡುಗ. ನಮಗೆ ಬಾಯಿ ಬರಲಿಲ್ಲ.

ಕಣದ ಬದಿಯಲ್ಲಿ ಕುಳಿತಿದ್ದ ಅವನ ಆಯಿ ನಕ್ಕರು. “ಇಷ್ಟ್ಯಾಕ್ರೀ ಲೆಕ್ಕಾ? ಒಂದ್ ಫೂಟಿನ ಕಸಬರಿಗಿ ಹಿಡಕೊಂಡು ಹಂಗ ಸುತ್ತಿದರ ಕಣಾ ಎಲ್ಲಾ ಒಮ್ಮಿ ಹಸನ ಆಕ್ಕೈತಿ. ಎಷ್ಟು ಕಣಾನೋ ಅಷ್ಟು ದಾರಿ.”

ವಾಚಕರೇ, ಇದಕ್ಕಿಂತ ಸುಲಭವಾದ ದಾರಿ ನಮಗಂತೂ ತೋರದು. ಒಂದಡಿ ಅಗಲದ ಪಟ್ಟಿಯು ಎಲ್ಲಿಯೂ ಬಿಡದೆ, ಎರಡು ಸಲ ತುಳಿಯದೆ ನೆಲವನ್ನೆಲ್ಲ ಮುಚ್ಚಿದಲ್ಲಿ, ಪಟ್ಟಿಯ ಉದ್ದದ ಅಡಿಗಳೂ ನೆಲದ ಚದರಡಿಗಳೂ ಒಂದೇ ಅಂಕಿಯಾಗಲೇಬೇಕು. ಭಾಸ್ಕರಾಚಾರ್ಯನು 1150ರ ‘ಲೀಲಾವತಿ’ಯಲ್ಲಿ ಹೇಳಿದಂತೆ ಪರಿಧಿಯನ್ನು ವ್ಯಾಸದ ಕಾಲುಪಾಲಿನಿಂದ ಗುಣಿಸಿದೆವು: 132ಕ್ಕೆ ಹತ್ತೂವರೆ, ಅಂದರೆ 1,386. ಸುತ್ತುಗಳ ಸರಾಸರಿ 66 ಅಡಿಯೆಂದು ಹಿಡಿದು 21ರಿಂದ ಗುಣಿಸಿದರೂ ಅದೇ ಬಂದಿತು. ಬಿಗಿಯಾದ ಗಣಿತಕ್ಕೂ ಇದಕ್ಕೂ ಒಂದಡಿಯಷ್ಟು ಸಹ ಅಂತರವಿಲ್ಲ. ಇದೇ ನ್ಯಾಯದಿಂದ, ಒಂಬತ್ತು ಅಂಗುಲದ ಸಾಲು ಹೊಡೆಯುತ್ತ ಒಂದು ಎಕರೆ ನೆಲವನ್ನು ಉಳುವವನು ಎತ್ತುಗಳ ಹಿಂದೆ ಸರಿಯಾಗಿ 11 ಮೈಲು ನಡೆಯುತ್ತಾನೆ. ನೇರವಾಗಿ ಉತ್ತರೂ ಅಷ್ಟೇ, ಸುತ್ತಿ ಉತ್ತರೂ ಅಷ್ಟೇ. ತಿರುವುಗಳ ನಡಿಗೆ ಬೇರೆ.

ನಾವು 2,772ನ್ನು ಅಳಿಸಹೋದಾಗ ಹುಡುಗನು ತಡೆದನು. ಆಯಿ ಪ್ರತಿ ಸುಗ್ಗಿಗೆ ಈ ಕಣವನ್ನು ಸಗಣಿಯಿಂದ ಕೈಯಾರೆ ಸಾರಿಸುತ್ತಾರಂತೆ. ಅಂಗೈಗೆ ಅರ್ಧ ಅಡಿಯ ಅಗಲವೆಂದರೆ ದಾರಿ ಎರಡು ಪಟ್ಟು: ನಮ್ಮ ತಪ್ಪಿನ ಅಂಕಿಯೇ! ಅರ್ಧ ಮೈಲಿಗೂ ಮಿಕ್ಕಿದ ದಾರಿ, ಅದೂ ಕುಕ್ಕರಗಾಲಿನಲ್ಲಿ. ಮನೆಯವರಾರೂ ಅದನ್ನು ಅಂದಿನವರೆಗೆ ಎಣಿಸಿರಲಿಲ್ಲ. ಹುಡುಗನು ಆ ಅಂಕಿಯ ಪಕ್ಕದಲ್ಲಿ ‘ಆಯಿಯ ಕೈ’ ಎಂದು ಬರೆದು, ಪಾಟಿಯನ್ನು ಒಯ್ದು ಆಕೆಗೆ ತೋರಿಸಿದನು.